ಮನೆತನದ ಚರಿತ್ರೆಗೆ ಮೊದಲನೆಯ ಪುಟ

ತಮ್ಮ ಹಿರಿಯರ ಭಕ್ತಿಚರಿತ್ರೆಯನ್ನು ಬರೆದಿಡಬೇಕೆಂಬ ಇಚ್ಛೆಯು ಅನೇಕ ಸದ್ಭಕ್ತರಲ್ಲಿ ಉಂಟು. ಆದರೆ ಲೇಖನಿ ಹಿಡಿದು ಕುಳಿತಾಗ ಮೊದಲನೆಯ ಪುಟವೇ ಕಠಿಣವಾಗುವುದು. ಬಹುಜನರು ಮೂಲಪುರುಷನಿಂದ ತೊಡಗಿ ಹೆಸರುಗಳ ಸಾಲನ್ನೇ ಬರೆಯುತ್ತಾರೆ. ಹತ್ತನೆಯ ಹೆಸರು ಬರುವಷ್ಟರಲ್ಲಿ ಮೊಮ್ಮಕ್ಕಳು ಹೊತ್ತಗೆಯನ್ನು ಮುಚ್ಚಿಡುತ್ತಾರೆ.

ಹೆಸರುಗಳಿಗೆ ಬೆಲೆಯಿಲ್ಲವೆಂದಲ್ಲ. ಹೆಳವರು ಎತ್ತಿನ ಮೇಲೆ ಬಂದು, ಮನೆಯ ಮುಂದೆ ನಿಂತು ತಲೆಮಾರುಗಳನ್ನು ಹಾಡಿ ಹೇಳಿ, ಕಾಳುಕಡಿ ಪಡೆದು ಹೋಗುವುದು ಉತ್ತರ ಕರ್ನಾಟಕದ ಹಳೆಯ ರೂಢಿ. ಅಂಥ ವಂಶಾವಳಿಯನ್ನು ಗ್ರಂಥದ ಕೊನೆಗೆ ಸೇರಿಸಬಹುದು. ಶರಣಧರ್ಮದ ಮನೆತನವು ಕುಲದ ಹೆಮ್ಮೆಯಿಂದ ಬಾಯಿ ತೆರೆಯುವುದು ಮಾತ್ರ ತರವಲ್ಲ. ಬಸವಣ್ಣನವರು ಬಾಗೇವಾಡಿಯಲ್ಲಿ ಮಾದರಸ-ಮಾದಲಾಂಬಿಕೆಯರ ಉದರದಲ್ಲಿ ಜನಿಸಿದವರು. ಆದರೂ ತಮ್ಮ ವಂಶವನ್ನು ಹೇಳಿಕೊಳ್ಳುವಾಗ ಮಾದಾರ ಚೆನ್ನಯ್ಯನನ್ನು ತಂದೆಯೆಂದು ಕರೆದರು, ಡೋಹಾರ ಕಕ್ಕಯ್ಯನನ್ನು ಬಂಧುವೆಂದು ಎಣಿಸಿದರು. ರಕ್ತದ ವಂಶಕ್ಕಿಂತ ನಡೆಯ ವಂಶವೇ ಹಿರಿದೆಂಬುದು ಇದರ ತಾತ್ಪರ್ಯ.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಹರಿಹರನು ಬಸವರಾಜದೇವರ ರಗಳೆಯಲ್ಲಿ ಇದಕ್ಕೆ ದಾರಿ ತೋರಿದ್ದಾನೆ. ಅವನ ಕಥೆಯು ಸ್ತುತಿಯ ಬೆನ್ನಿಗೇ ಕೈಲಾಸದಲ್ಲಿ ನಡೆದ ಒಂದು ತಪ್ಪಿನಿಂದ ತೊಡಗುವುದು. ಪ್ರಸಾದವನ್ನು ಹಂಚಿದ ವೃಷಭಮುಖನು ಷಣ್ಮುಖನೊಬ್ಬನನ್ನು ಮರೆತನು. ಮರೆತೂ ಎಲ್ಲರಿಗೂ ಕೊಟ್ಟೆನೆಂದು ನುಡಿದನು. ಆದುದರಿಂದ ಅವನು ಭೂಲೋಕದಲ್ಲಿ ಜನಿಸಬೇಕಾಯಿತು. ಮುಂದೆ ಯಾರನ್ನೂ ಹೊರಗಿಡದ ದಾಸೋಹವೇ ಆ ಜನ್ಮದ ವ್ರತವಾಯಿತು. ಮೊದಲ ಪುಟದ ತಪ್ಪು ಇಡೀ ಚರಿತ್ರೆಗೆ ಅರ್ಥ ಕೊಡುವುದೆಂಬುದನ್ನು ಇಲ್ಲಿ ಕಾಣಬೇಕು.

ಗೃಹಸ್ಥರೂ ಹೀಗೆಯೇ ತಮ್ಮ ಹಿರಿಯರ ನಂಬಿಗೆಯು ಒರೆಗೆ ಬಂದ ಒಂದು ದಿನವನ್ನು ಆರಿಸಿಕೊಳ್ಳತಕ್ಕದ್ದು. ‘ನಮ್ಮ ಅಜ್ಜಿಯು ಮಹಾದಾಸೋಹಿ’ ಎಂದು ಬರೆದರೆ ಓದುವವನು ತಲೆದೂಗಿ ಮುಂದೆ ಸಾಗುವನು. ‘1972ರ ಬರದಲ್ಲಿ ಹಗೇವಿನ ತಳ ಕಂಡ ದಿನವೇ ಬಾಗಿಲಿಗೆ ಜಂಗಮರು ಬಂದರು. ಮಕ್ಕಳಿಗೆಂದು ಬಡಿದ ಎರಡು ರೊಟ್ಟಿಗಳಲ್ಲಿ ಒಂದನ್ನು ಅಜ್ಜಿಯು ಎತ್ತಿಕೊಂಡಳು’ ಎಂದು ಬರೆದರೆ, ಆ ಮಕ್ಕಳು ಏನೆಂದರು, ಅವಳ ಕರುಳು ಏನೆಂದಿತು ಎಂದು ಕೇಳದೆ ಇರಲಾರನು. ದಾಸೋಹವೆಂಬ ಮಾತಿನ ಭಾರವು ಆ ಒಂದು ರೊಟ್ಟಿಯಲ್ಲಿ ತಿಳಿಯುವುದು.

ಇಂಥ ದಿನಗಳು ಈ ಸೀಮೆಯ ಮನೆಗಳಲ್ಲಿ ವಿರಳವಲ್ಲ. ಇಂಡಿ, ಸಿಂದಗಿಯ ಕಡೆ ಬರಗಾಲದ ವಲಸೆ ಇದೆ. ಬಾಗೇವಾಡಿಯ ಕೃಷ್ಣಾತೀರದಲ್ಲಿ ಆಲಮಟ್ಟಿಯ ಹಿನ್ನೀರಿಗೆ ಹೊಲಮನೆ ಬಿಟ್ಟವರ ನೆನಪಿದೆ. ಮನೆ ಬಿಡುವ ದಿನ ಜಗುಲಿಯಿಂದ ಮೊದಲು ಏನನ್ನು ಎತ್ತಿಕೊಂಡರೆಂದು ಹಿರಿಯರನ್ನು ಕೇಳಿದರೆ ಸಾಕು, ಮೊದಲ ವಾಕ್ಯವು ತಾನೇ ದೊರೆಯುವುದು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದು, ನಡೆಯದುದನ್ನು ನಡೆದಂತೆ ಬರೆಯಬಾರದು. ಪವಾಡವನ್ನು ಕಟ್ಟಿ ಹೇಳುವುದಕ್ಕಿಂತ, ಸಾಲ ತೀರಿಸಲು ಅಜ್ಜನು ಎತ್ತು ಮಾರಿದ ಸಂಗತಿಯೇ ಮೇಲು. ಎರಡನೆಯದು, ವೃಷಭಮುಖನ ಮರವೆಯು ಬರೆಯುವವರಿಗೂ ಬರಬಾರದು. ವಂಶವೃಕ್ಷದಲ್ಲಿ ಬಹುಧಾ ಬಿಟ್ಟುಹೋಗುವವರು ಸೊಸೆಯರು, ಕೊಟ್ಟುಕಳಿಸಿದ ಹೆಣ್ಣುಮಕ್ಕಳು ಮತ್ತು ಅದೇ ಹೊಲದಲ್ಲಿ ದುಡಿದ ಆಳುಮಕ್ಕಳು. ಮುದ್ದೇಬಿಹಾಳ ಸೀಮೆಯ ತಂಗಡಗಿಯಲ್ಲಿ ನೀಲಾಂಬಿಕೆಯ ಐಕ್ಯಸ್ಥಾನಕ್ಕೆ ಕೈ ಮುಗಿಯುವವರು ತಮ್ಮ ಮನೆಯ ತಾಯಂದಿರ ಹೆಸರನ್ನು ಮರೆಯುವುದುಂಟೇ?

ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880–1964) ಮನೆಮಠಗಳಲ್ಲಿ ಕಟ್ಟಿಟ್ಟಿದ್ದ ತಾಡೋಲೆಗಳನ್ನು ಅರಸಿ ತಂದು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಯಾರೋ ಬರೆದು, ಯಾರೋ ಕಾದಿಟ್ಟುದರಿಂದಲೇ ಶರಣರ ನುಡಿಯು ಉಳಿಯಿತು. ತಾಡೋಲೆಯಾದರೆ ಜಗುಲಿಯ ಮೇಲೆ ಶತಮಾನ ಕಾಯಬಲ್ಲದು. ಹಿರಿಯರ ನೆನಪು ಅಷ್ಟು ಕಾಲ ಕಾಯದು. ಆದುದರಿಂದ ಭಕ್ತರು ಇಂದಿನ ಲಿಂಗಪೂಜೆ ಮುಗಿದ ಮೇಲೆ ಮನೆಯ ಹಿರಿಯ ಜೀವದ ಬಳಿ ಕುಳಿತು ಒಂದೇ ದಿನದ ಕಥೆಯನ್ನು ಕೇಳಿ, ಅವರಾಡಿದ ಮಾತಿನಲ್ಲಿಯೇ ಬರೆದುಕೊಳ್ಳಲಿ. ಅದೇ ಮೊದಲನೆಯ ಪುಟ.