ಬ್ರೈಟನ್ನಿನ ಬೆನ್ನಿಗಿರುವ ಗುಡ್ಡ

ಇಂಗ್ಲೆಂಡಿನ ಭೂಪಟವನ್ನು ಬಿಡಿಸಿ ನೋಡಿದರೆ, ಲಂಡನ್ನಿನಿಂದ ದಕ್ಷಿಣಕ್ಕೆ ಸುಮಾರು 50 ಮೈಲಿಗಳ ದೂರದಲ್ಲಿ, ಕಡಲ ದಂಡೆಯ ಮೇಲೆ ಬ್ರೈಟನ್ ಪಟ್ಟಣ ಕಾಣುತ್ತದೆ. ಅದರ ಬೆನ್ನಿಗೆ ಪೂರ್ವಪಶ್ಚಿಮವಾಗಿ ಹಬ್ಬಿರುವ ಗುಡ್ಡಸಾಲಿಗೆ ‘ಸೌತ್ ಡೌನ್ಸ್’ ಎಂದು ಹೆಸರು. ‘ಡೌನ್’ ಎಂದರೆ ಕೆಳಗೆ ಎಂದು ಕಲಿತ ನಮಗೆ ಇದು ವಿಚಿತ್ರವೆನಿಸೀತು. ಆದರೆ ಹಳೆಯ ಇಂಗ್ಲಿಷಿನ ‘ಡೂನ್’ ಎಂಬ ಮಾತಿಗೆ ಗುಡ್ಡವೆಂದೇ ಅರ್ಥ. ಈ ಹೆಸರು ಅದರಿಂದ ಬಂದುದು. ಈ ಸಾಲಿನಲ್ಲಿ, ಒಮ್ಮೆ ಹಳ್ಳಿಯಾಗಿದ್ದು ಈಗ ಬ್ರೈಟನ್ನಿಗೆ ಸೇರಿಹೋಗಿರುವ ಪ್ಯಾಚಮ್‌ನ ಮೇಲಿನ ಗುಡ್ಡವೊಂದು ಭಾರತೀಯರಾದ ನಮಗೆ ತಿಳಿದಿರಬೇಕಾದುದು.

ಮೊದಲು ನೆಲದ ವಿಚಾರ. ಈ ಗುಡ್ಡಗಳು ಸೀಮೆಸುಣ್ಣದ ಕಲ್ಲಿನವು. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿ ಕಡಲಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಚಿಪ್ಪುಗಳು ಅದರ ತಳದಲ್ಲಿ ಪದರಪದರವಾಗಿ ಕೂಡಿ ಕಲ್ಲಾದವು. ಮುಂದೆ ಭೂಮಿ ಉಬ್ಬಿ ಆ ಕಲ್ಲು ಮೇಲೆದ್ದಿತು. ಸಾಲಿನ ಉತ್ತರದ ಮೈ ಕಡಿದು. ದಕ್ಷಿಣದ ಮೈ ಕಡಲಿನ ಕಡೆಗೆ ಮೆಲ್ಲನೆ ಇಳಿಯುತ್ತದೆ. ಮಳೆಯ ನೀರು ಈ ಕಲ್ಲಿನಲ್ಲಿ ಇಂಗಿಹೋಗುವುದರಿಂದ ಎಷ್ಟೋ ಕಣಿವೆಗಳಲ್ಲಿ ಹೊಳೆಯೇ ಇಲ್ಲ. ತೆಳುಮಣ್ಣಿನ ಮೇಲೆ ಗಿಡ್ಡ ಹುಲ್ಲು, ಅದನ್ನು ಮೇಯುವ ಕುರಿಗಳು. ಸಮೀಪದ ಡಿಚ್ಲಿಂಗ್ ಬೀಕನ್ ಶಿಖರದ ಎತ್ತರ 248 ಮೀಟರ್.

ಸಾಲಿನ ಉತ್ತರದ ಅಂಚಿನಲ್ಲಿ, ಕ್ಲೇಟನ್ ಹಳ್ಳಿಯ ಮೇಲೆ, ‘ಜ್ಯಾಕ್’ ಮತ್ತು ‘ಜಿಲ್’ ಎಂಬ ಎರಡು ಗಾಳಿಗಿರಣಿಗಳು ನಿಂತಿವೆ. ಮರದ ಗಿರಣಿಯಾದ ಜಿಲ್ 1821ರಲ್ಲಿ ಬ್ರೈಟನ್ನಿನಲ್ಲಿ ಕಟ್ಟಿದ್ದು. ಅನಂತರ ಅದನ್ನು ಎತ್ತುಗಳನ್ನು ಹೂಡಿ ಇಲ್ಲಿಗೆ ಎಳೆದು ತಂದರು. ಗುಡ್ಡದ ಹೊಟ್ಟೆಯೊಳಗೆ ಒಂದೂಕಾಲು ಮೈಲಿ ಉದ್ದದ ರೈಲು ಸುರಂಗವಿದೆ. ಲಂಡನ್–ಬ್ರೈಟನ್ ಗಾಡಿಗಳು 1841ರಿಂದ ಅದರಲ್ಲಿ ಓಡಾಡುತ್ತಿವೆ.

ಇನ್ನು ಪ್ಯಾಚಮ್ ಗುಡ್ಡಕ್ಕೆ ಬರೋಣ. 1914ರ ಮಹಾಯುದ್ಧದಲ್ಲಿ ಭಾರತದ ಸೈನಿಕರು ಫ್ರಾನ್ಸಿನ ರಣರಂಗದಲ್ಲಿ ಹೋರಾಡಿದರು. ಗಾಯಗೊಂಡವರಲ್ಲಿ ಅನೇಕರನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ತಂದು, ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ಮಲಗಿಸಿದರು. ಗುಮ್ಮಟಗಳುಳ್ಳ ರಾಯಲ್ ಪೆವಿಲಿಯನ್ ಎಂಬ ಅರಮನೆಯೂ ಆಸ್ಪತ್ರೆಯಾಯಿತು. ಜಾತಿಮತಗಳನ್ನು ನೋಡಿ ಅಲ್ಲಿ ಒಂಬತ್ತು ಅಡಿಗೆಮನೆಗಳನ್ನು ನಡೆಸಿದರು.

ಎಲ್ಲರೂ ಬದುಕಲಿಲ್ಲ. ತೀರಿಕೊಂಡ ಮುಸಲ್ಮಾನ ಯೋಧರನ್ನು ವೋಕಿಂಗ್ ಎಂಬಲ್ಲಿ, ಮಸೀದಿಯ ಸಮೀಪ, ದಫನ ಮಾಡಿದರು. ಹಿಂದೂ ಮತ್ತು ಸಿಖ್ ಯೋಧರು 53 ಮಂದಿಯನ್ನು ಈ ಬಯಲು ಗುಡ್ಡಕ್ಕೆ ಹೊತ್ತು ತಂದು, ಅವರವರ ವಿಧಿಯಂತೆ ದಹನ ಮಾಡಿ, ಬೂದಿಯನ್ನು ಕಡಲಿಗೆ ಬಿಟ್ಟರು. ಚಿತೆ ಉರಿದ ಸ್ಥಳದಲ್ಲಿ ಎಂಟು ಕಂಬಗಳ ಮೇಲೆ ಗುಮ್ಮಟವಿರುವ ಬಿಳಿಯ ಅಮೃತಶಿಲೆಯ ಛತ್ರಿಯನ್ನು ಕಟ್ಟಿದರು. ನಕ್ಷೆ ಬರೆದವನು ಇ. ಸಿ. ಹೆನ್ರಿಕ್ಸ್ ಎಂಬ ಭಾರತೀಯ. 1921ರ ಫೆಬ್ರವರಿ 1ರಂದು ವೇಲ್ಸ್ ರಾಜಕುಮಾರ ಅದನ್ನು ಅನಾವರಣ ಮಾಡಿದನು. ಇಂಗ್ಲಿಷಿನ ಜೊತೆಗೆ ನಮ್ಮ ದೇಶದ ನುಡಿಗಳಲ್ಲಿಯೂ ಬರೆಹ ಕೆತ್ತಿದರು. ಆದರೆ ಸತ್ತವರ ಹೆಸರುಗಳನ್ನು ಕೆತ್ತಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಈ ಸುತ್ತಿನಲ್ಲಿಯೇ ಸೈನ್ಯದವರು ಗುಂಡು ಹಾರಿಸುವ ಅಭ್ಯಾಸ ನಡೆಸಿದ್ದರಿಂದ ಛತ್ರಿಗೆ ಪೆಟ್ಟು ಬಿದ್ದಿತು, ಮುಂದೆ ದುರಸ್ತಿಯಾಯಿತು. 1951ರಿಂದ ಮಾಜಿ ಸೈನಿಕರ ಸಂಘದವರು ವರ್ಷಕ್ಕೊಮ್ಮೆ ಗುಡ್ಡ ಹತ್ತಿ ಗೌರವ ಸಲ್ಲಿಸತೊಡಗಿದರು. 1999ರಲ್ಲಿ ಅವರು ಅದನ್ನು ನಿಲ್ಲಿಸಿದಾಗ ಸ್ಥಳೀಯರೂ ಅಲ್ಲಿ ನೆಲೆಸಿದ ಭಾರತೀಯರೂ ಕೂಡಿ ಆ ಕೆಲಸವನ್ನು ಕೈಗೆತ್ತಿಕೊಂಡರು. ಕೊನೆಗೆ 2010ರಲ್ಲಿ ಛತ್ರಿಯ ಬಳಿ ಬೇರೊಂದು ಕಲ್ಲು ನಿಂತಿತು. ಅದರ ಮೇಲೆ 53 ಹೆಸರುಗಳಿವೆ.

ಅಂದರೆ ಆ ಹೆಸರುಗಳು ಗುಡ್ಡಕ್ಕೆ ಬರಲು ತೊಂಬತ್ತೈದು ವರ್ಷ ಹಿಡಿಯಿತು. ಕಲ್ಲು ಕಟ್ಟುವುದು ಒಂದು ಸಲದ ಕೆಲಸ. ನೆನಪಿಡುವುದು ವರ್ಷವರ್ಷವೂ ಮಾಡಬೇಕಾದ ಕೆಲಸ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದಿರುವ ನಾವು ಇದನ್ನು ಬಲ್ಲೆವು. ಛತ್ರಿಯ ಬಾಗಿಲಿಗೆ ಮೋಟಾರು ಹೋಗುವುದಿಲ್ಲ. ಈಗಲೂ ಹುಲ್ಲುಗಾವಲಿನ ದಾರಿಯಲ್ಲಿ ನಡೆದೇ ಹತ್ತಬೇಕು.