‘ರಕ್ತ ಕಡಿಮೆ’ ಇದ್ದರೆ ಏನು ತಿನ್ನಬೇಕು, ಮಾತ್ರೆ ಯಾವಾಗ ನುಂಗಬೇಕು

ಸದಾ ಸುಸ್ತು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ತಲೆಸುತ್ತು, ಹಸಿ ಅಕ್ಕಿಯನ್ನೋ ಬಳಪವನ್ನೋ ಬಾಯಿಗೆ ಹಾಕಿಕೊಳ್ಳುವ ಆಸೆ. ಇಷ್ಟು ಕಂಡರೆ ಮನೆಯ ಹಿರಿಯರು ‘ರಕ್ತ ಕಡಿಮೆಯಾಗಿದೆ’ ಎನ್ನುತ್ತಾರೆ. ಬೀಟ್‌ರೂಟ್ ಜ್ಯೂಸ್ ಶುರುವಾಗುತ್ತದೆ, ಮೆಡಿಕಲ್ ಶಾಪಿನಿಂದ ಟಾನಿಕ್ ಬರುತ್ತದೆ. ಹಿರಿಯರ ಊಹೆ ಎಷ್ಟೋ ಸಲ ನಿಜವೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇದೆ. ಎಡವುವುದು ಪರಿಹಾರದಲ್ಲಿ. ಮುದ್ದೆ, ಸೊಪ್ಪು, ಕಾಳು ಇರುವ ನಮ್ಮ ಊಟದಲ್ಲಿ ಕಬ್ಬಿಣಾಂಶ ಇದ್ದೇ ಇದೆ. ಅದು ಕರುಳಿನಿಂದ ರಕ್ತಕ್ಕೆ ಸೇರುವುದೇ ಕಷ್ಟ. ಯಾವುದರ ಜೊತೆಗೆ ಏನು, ಎಷ್ಟು ಹೊತ್ತಿಗೆ ಎನ್ನುವುದನ್ನು ಸರಿಮಾಡಿಕೊಂಡರೆ ಹೆಚ್ಚು ಖರ್ಚಿಲ್ಲದೆ ಬಹಳಷ್ಟು ಸುಧಾರಿಸಬಹುದು.

ಮೊದಲು ಪರೀಕ್ಷೆ, ಆಮೇಲೆ ಟಾನಿಕ್

ಸಂಪೂರ್ಣ ರಕ್ತ ಪರೀಕ್ಷೆ, ಅಂದರೆ ‘ಸಿಬಿಸಿ’ ಮಾಡಿಸಿ. ಹಿಮೋಗ್ಲೋಬಿನ್ ಪ್ರಮಾಣ ಹೆಂಗಸರಲ್ಲಿ 12, ಗರ್ಭಿಣಿಯರಲ್ಲಿ 11, ಗಂಡಸರಲ್ಲಿ 13 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದರ್ಥ. ಅದೇ ವರದಿಯಲ್ಲಿ ‘ಎಂಸಿವಿ’ ಎಂಬ ಇನ್ನೊಂದು ಸಾಲಿರುತ್ತದೆ, ಕೆಂಪು ರಕ್ತಕಣದ ಗಾತ್ರ ಹೇಳುವುದು. ಅದನ್ನು ವೈದ್ಯರಿಗೆ ತಪ್ಪದೆ ತೋರಿಸಿ. ಕಬ್ಬಿಣಾಂಶ ಸಾಲದಿದ್ದರೆ ಕಣಗಳು ಚಿಕ್ಕದಾಗುತ್ತವೆ. ಬಿ12 ಅಥವಾ ಫೋಲಿಕ್ ಆಮ್ಲ ಸಾಲದಿದ್ದರೆ ದೊಡ್ಡದಾಗುತ್ತವೆ. ಪೂರ್ತಿ ಸಸ್ಯಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಬಿ12 ಕೊರತೆ ಸಾಮಾನ್ಯ. ಅಂಥವರು ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ಸುಸ್ತು ಹೋಗುವುದಿಲ್ಲ.

ಸಾಧ್ಯವಾದರೆ ಫೆರಿಟಿನ್ ಪರೀಕ್ಷೆಯೂ ಆಗಲಿ. ದೇಹ ಕೂಡಿಟ್ಟುಕೊಂಡ ಕಬ್ಬಿಣಾಂಶ ಎಷ್ಟಿದೆ ಎಂದು ಅದು ಹೇಳುತ್ತದೆ. 15ಕ್ಕಿಂತ ಕಡಿಮೆ ಬಂದರೆ ಕೂಡಿಟ್ಟದ್ದೆಲ್ಲ ಮುಗಿದಿದೆ ಎಂದೇ ತಿಳಿಯಬೇಕು. ಜ್ವರ, ಸೋಂಕು ಇರುವಾಗ ಈ ಅಂಕಿ ಸುಳ್ಳೇ ಏರಿರುತ್ತದೆ, ಆದ್ದರಿಂದ ಗುಣವಾದ ಮೇಲೆ ಮಾಡಿಸುವುದು ಒಳ್ಳೆಯದು. ಮನೆತನದಲ್ಲಿ ಥಲಸೇಮಿಯಾ ಅಥವಾ ಸಿಕಲ್ ಸೆಲ್ ಇದ್ದರೆ ಅದನ್ನು ಮೊದಲೇ ಹೇಳಿಬಿಡಿ. ಥಲಸೇಮಿಯಾದಲ್ಲೂ ಕಣಗಳು ಚಿಕ್ಕದಾಗಿಯೇ ಕಾಣುತ್ತವೆ, ಆದರೆ ಬೇಡದ ಕಬ್ಬಿಣ ಮೈಯಲ್ಲಿ ಸೇರಿದರೆ ಅಪಾಯ.

ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣಾಂಶ ಇಳಿದಿದ್ದರೆ ಊಟವೊಂದನ್ನೇ ಹೊಣೆ ಮಾಡಬೇಡಿ. ಮೂಲವ್ಯಾಧಿ, ಹೊಟ್ಟೆಹುಣ್ಣು, ಕೆಲವೊಮ್ಮೆ ಕರುಳಿನ ಕ್ಯಾನ್ಸರ್‌ನಿಂದ ರಕ್ತ ಗೊತ್ತಾಗದಂತೆ ಸೋರುತ್ತಿರಬಹುದು. ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುವವರು ಸಂಕೋಚ ಬಿಟ್ಟು ವೈದ್ಯರಿಗೆ ಹೇಳಬೇಕು. ಆ ಸ್ರಾವ ನಿಲ್ಲದೆ ಮಾತ್ರೆಯಿಂದ ಪ್ರಯೋಜನ ಕಡಿಮೆ. ಹೊಲ, ತೋಟಗಳಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳುವಿನ ಸಾಧ್ಯತೆಯೂ ಇದೆ. ಜಂತುಹುಳುವಿನ ಮಾತ್ರೆ ಬೇಕೇ ಎಂದು ಕೇಳಿ.

ಕೆಂಪಗಿದ್ದ ಮಾತ್ರಕ್ಕೆ ರಕ್ತವಾಗದು

ಬೀಟ್‌ರೂಟ್, ದಾಳಿಂಬೆ ಒಳ್ಳೆಯ ಆಹಾರವೇ. ಆದರೆ 100 ಗ್ರಾಂ ಬೀಟ್‌ರೂಟಿನಲ್ಲಿ ಇರುವ ಕಬ್ಬಿಣಾಂಶ ಒಂದು ಮಿಲಿಗ್ರಾಂ ಕೂಡ ಇಲ್ಲ, ದಾಳಿಂಬೆಯಲ್ಲಿ ಇನ್ನೂ ಕಡಿಮೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕ ಹೆಣ್ಣಿಗೆ ದಿನಕ್ಕೆ 29 ಮಿಲಿಗ್ರಾಂ ಎಂದು ನಿಗದಿ ಮಾಡಿದೆ. ಜ್ಯೂಸಿನಿಂದ ಅದು ಭರ್ತಿಯಾಗುವ ಮಾತೇ ಇಲ್ಲ. ಬಡವರ ಮನೆಯಲ್ಲಿ ಹಣ್ಣಿನ ಜ್ಯೂಸಿಗೆಂದು ದುಡ್ಡು ಸುರಿಯುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಅದೇ ದುಡ್ಡಿಗೆ ಹುರುಳಿಕಾಳು, ಸೊಪ್ಪು, ನಿಂಬೆಹಣ್ಣು ಬರುತ್ತವೆ.

100 ಗ್ರಾಂ ಹುರುಳಿಯಲ್ಲಿ ಸುಮಾರು 8, ಸಜ್ಜೆಯಲ್ಲಿ 6, ರಾಗಿಯಲ್ಲಿ 4ರಿಂದ 5 ಮಿಲಿಗ್ರಾಂ ಕಬ್ಬಿಣಾಂಶವಿದೆ. ಆದರೆ ಇವುಗಳಲ್ಲೇ ಇರುವ ಫೈಟೇಟ್ ಎಂಬ ವಸ್ತು ಕಬ್ಬಿಣವನ್ನು ಕಟ್ಟಿಹಾಕಿ, ಕರುಳು ಹೀರದಂತೆ ಮಾಡುತ್ತದೆ. ನೆನೆಸುವುದು, ಮೊಳಕೆ ಕಟ್ಟುವುದು, ಹುಳಿ ಬರಿಸುವುದು ಈ ಫೈಟೇಟ್ ಕಡಿಮೆ ಮಾಡುವ ದಾರಿಗಳು. ಮೊಳಕೆ ಹುರುಳಿ ಸಾರು, ಮೊಳಕೆ ರಾಗಿ ಹಿಟ್ಟಿನ ಗಂಜಿ, ರಾತ್ರಿಯಿಡೀ ಹುಳಿಯಾದ ಅಂಬಲಿ, ಮಡಿಕೆಕಾಳಿನ ಉಸಳಿ ಇವೆಲ್ಲ ನಮ್ಮ ಅಜ್ಜಿಯರ ಅಡುಗೆಮನೆಯಲ್ಲಿ ನಿತ್ಯ ನಡೆಯುತ್ತಿದ್ದವು. ವಾರಕ್ಕೆ ಮೂರ್ನಾಲ್ಕು ದಿನವಾದರೂ ಅವು ಮರಳಿ ಬರಲಿ.

ಇನ್ನೊಂದು ಸುಲಭದ ಕೆಲಸ: ಊಟದ ಜೊತೆಗೇ ಸಿ ಜೀವಸತ್ವ ಸೇರಿಸುವುದು. ಸಾರು, ಪಲ್ಯ ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿ, ಏಕೆಂದರೆ ಕುದಿಸಿದರೆ ಸಿ ಜೀವಸತ್ವ ನಾಶವಾಗುತ್ತದೆ. ತಟ್ಟೆಯ ಬದಿಗೆ ಹಸಿ ನೆಲ್ಲಿಕಾಯಿ ಚಟ್ನಿ, ಊಟ ಮುಗಿಯುತ್ತಲೇ ಒಂದು ಸೀಬೆಹಣ್ಣು ಇದ್ದರೂ ಆಯಿತು. ಇದೇ ಹಣ್ಣನ್ನು ಸಂಜೆ ನಾಲ್ಕಕ್ಕೆ ತಿಂದರೆ ಮಧ್ಯಾಹ್ನದ ಮುದ್ದೆಗೆ ಸಹಾಯವಾಗದು. ಹುಳಿ ಹಾಕಿದ ಗೊಜ್ಜು, ಟೊಮೆಟೊ ಸಾರನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಪಾತ್ರೆಯ ಕಬ್ಬಿಣವೂ ಸ್ವಲ್ಪ ಇಳಿಯುತ್ತದೆ. ಅಡುಗೆಯಾದ ಕೂಡಲೇ ಬೇರೆ ಪಾತ್ರೆಗೆ ತೆಗೆದಿಡಿ.

ಮಾಂಸ ತಿನ್ನುವವರಿಗೆ ಅನುಕೂಲ ಹೆಚ್ಚು. ಮಾಂಸ, ಮೀನು, ಕರಾವಳಿಯ ಮರುವಾಯಿ ಇವುಗಳ ಕಬ್ಬಿಣಾಂಶ ಸೊಪ್ಪಿನದಕ್ಕಿಂತ ಎಷ್ಟೋ ಸಲೀಸಾಗಿ ರಕ್ತಕ್ಕೆ ಸೇರುತ್ತದೆ, ಜೊತೆಯಲ್ಲಿರುವ ಕಾಳು–ಸೊಪ್ಪಿನದೂ ಹೆಚ್ಚು ಸೇರುವಂತೆ ಮಾಡುತ್ತದೆ. ಗರ್ಭಿಣಿಯರು ಮಾತ್ರ ಲಿವರ್ ತಿನ್ನದಿರುವುದು ಕ್ಷೇಮ. ಅದರಲ್ಲಿ ಎ ಜೀವಸತ್ವ ಮಿತಿಮೀರಿ ಇರುತ್ತದೆ.

ಕಾಫಿಗೆ ಬೇರೆ ಹೊತ್ತು

ತಿಂಡಿಯ ಜೊತೆಗೆ ಕಾಫಿ, ಊಟವಾದ ಮೇಲೆ ಚಹಾ. ಈ ಒಂದು ಅಭ್ಯಾಸ ಎಷ್ಟು ಕಬ್ಬಿಣಾಂಶವನ್ನು ಕಸಿಯುತ್ತದೆ ಎಂದು ಬಹಳ ಜನರಿಗೆ ಗೊತ್ತಿಲ್ಲ. 1983ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನವೊಂದರಲ್ಲಿ ಊಟದ ಜೊತೆ ಕುಡಿದ ಒಂದು ಕಪ್ ಕಾಫಿ ಕಬ್ಬಿಣಾಂಶ ಹೀರುವಿಕೆಯನ್ನು ಶೇ 39ರಷ್ಟು, ಚಹಾ ಶೇ 64ರಷ್ಟು ತಗ್ಗಿಸಿತ್ತು. ಊಟಕ್ಕೆ ಒಂದು ಗಂಟೆ ಮೊದಲು ಕಾಫಿ ಕುಡಿದಾಗ ಏನೂ ತೊಂದರೆಯಾಗಲಿಲ್ಲ. ಊಟವಾಗಿ ಒಂದು ಗಂಟೆಗೆ ಕುಡಿದಾಗ ಜೊತೆಗೇ ಕುಡಿದಷ್ಟೇ ನಷ್ಟವಾಯಿತು. ಹಾಗಾಗಿ ಕಾಫಿ ಬಿಡಲೇಬೇಕೆಂದಿಲ್ಲ. ಎದ್ದ ಕೂಡಲೇ ಕುಡಿದು, ಗಂಟೆ ಕಳೆದ ಮೇಲೆ ತಿಂಡಿ ತಿನ್ನಿ. ಮಧ್ಯಾಹ್ನ ಒಂದಕ್ಕೆ ಊಟವಾದರೆ ಚಹಾ ಮೂರರ ನಂತರ ಇರಲಿ.

ಮಾತ್ರೆ ನುಂಗುವ ಕ್ರಮ

ರಕ್ತಹೀನತೆ ಬಂದ ಮೇಲೆ ಊಟವೊಂದರಿಂದಲೇ ಸರಿಹೋಗುವುದು ಅಪರೂಪ, ಮಾತ್ರೆ ಬೇಕೇ ಬೇಕು. ದುಬಾರಿ ಡಬ್ಬಿಗಳ ಹಿಂದೆ ಹೋಗಬೇಡಿ. ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಹದಿಹರೆಯದವರಿಗೆ ಕೊಡುವ ನೀಲಿ ಮಾತ್ರೆಯಲ್ಲೂ ಅಷ್ಟೇ. ಕೊಂಡು ತರುವುದಾದರೆ ಹೊದಿಕೆಯ ಮೇಲೆ ‘ಎಲಿಮೆಂಟಲ್ ಐರನ್’ ಎಷ್ಟು ಎಂದು ನೋಡಿ. 300 ಮಿಲಿಗ್ರಾಂ ಫೆರಸ್ ಗ್ಲುಕೋನೇಟ್ ಎಂದು ಬರೆದಿದ್ದರೂ ಒಳಗಿರುವ ಕಬ್ಬಿಣ ಸುಮಾರು 35 ಮಿಲಿಗ್ರಾಂ ಮಾತ್ರ. ಲೋಹಾಸವ, ಪುನರ್ನವ ಮಂಡೂರ ಮುಂತಾದ ಆಯುರ್ವೇದ ಔಷಧಗಳಲ್ಲೂ ಕಬ್ಬಿಣವಿದೆ. ಅವನ್ನು ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ.

ಖಾಲಿ ಹೊಟ್ಟೆಯಲ್ಲಿ, ನಿಂಬೆ ಪಾನಕದ ಜೊತೆ ನುಂಗಿದರೆ ಉತ್ತಮ. ವಾಕರಿಕೆ ಬಂದರೆ ಬಿಡಬೇಡಿ. ಸ್ವಲ್ಪ ತಿಂದು, ರಾತ್ರಿ ಮಲಗುವ ಮುಂಚೆ ನುಂಗಿ ನೋಡಿ. ಹಾಲು, ಚಹಾ, ಅಸಿಡಿಟಿಯ ಮಾತ್ರೆ ಜೊತೆಗೆ ಬೇಡ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಕನಿಷ್ಠ ಎರಡು ಗಂಟೆ, ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಬೆಳಿಗ್ಗೆ ಎದ್ದು ಮೂರನ್ನೂ ಒಟ್ಟಿಗೆ ನುಂಗುವ ಹೆಂಗಸರು ಬಹಳ. ಹಾಗೆ ಮಾಡಿದರೆ ಯಾವುದೂ ಸರಿಯಾಗಿ ಮೈಗೆ ಹತ್ತದು.

ಮಲ ಕಪ್ಪಾಗುವುದು ಸಹಜ. ಆದರೆ ಡಾಂಬರಿನಂತೆ ಅಂಟಂಟಾಗಿ, ದುರ್ವಾಸನೆಯಿಂದ ಕೂಡಿದ್ದರೆ ಅದು ರಕ್ತಸ್ರಾವ ಇರಬಹುದು, ತಡಮಾಡದೆ ತೋರಿಸಿ. ಮಾತ್ರೆ ಒಗ್ಗದವರಿಗೆ ದಿನ ಬಿಟ್ಟು ದಿನ ಕೊಡುವ ಪದ್ಧತಿಯೂ ಇದೆ: ಒಮ್ಮೆ ನುಂಗಿದರೆ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿ ಸುಮಾರು ಒಂದು ದಿನದವರೆಗೆ ಮುಂದಿನ ಮಾತ್ರೆಯನ್ನು ಹೀರಲು ಅಡ್ಡಿಮಾಡುತ್ತದೆ. ಇದನ್ನು ವೈದ್ಯರ ಸಲಹೆಯಿಂದಲೇ ಮಾಡಿ, ಗರ್ಭಿಣಿಯರಂತೂ ಕೇಳದೆ ಬದಲಿಸಕೂಡದು.

ಒಂದು ತಿಂಗಳಿಗೆ ಮತ್ತೆ ಹಿಮೋಗ್ಲೋಬಿನ್ ನೋಡಿಸಿ. ಕನಿಷ್ಠ ಒಂದು ಗ್ರಾಂ ಏರದಿದ್ದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು. ಏರಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿದರೆ ಮಾತ್ರ ಬರಿದಾದ ದಾಸ್ತಾನು ತುಂಬುತ್ತದೆ. ಅಷ್ಟೂ ದಿನ ಮಾತ್ರೆಯ ಪಟ್ಟಿಯನ್ನು ಮಕ್ಕಳ ಕೈಗೆ ಎಟುಕದ ಕಡೆ, ಬೀಗ ಹಾಕಿ ಇಡಿ. ಬಣ್ಣ ನೋಡಿ ಪೆಪ್ಪರಮೆಂಟು ಎಂದು ಪುಟ್ಟ ಮಕ್ಕಳು ಒಂದಷ್ಟು ನುಂಗಿದರೆ ಪ್ರಾಣಕ್ಕೇ ಅಪಾಯ. ಹಾಗೇನಾದರೂ ಆದರೆ ವಾಂತಿ ಮಾಡಿಸುತ್ತ ಕೂರದೆ, ಖಾಲಿ ಪಟ್ಟಿಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಧಾವಿಸಿ.