ಹೀಬ್ರೂ ಬೈಬಲ್: ಇತಿಹಾಸಕ್ಕೆ ಎಷ್ಟು ಆಧಾರ?

• ತನಖ್ = ತೋರಾ + ನೆವಿಯೀಂ + ಕೆತುವೀಂ. ಭಾಷೆ ಹೀಬ್ರೂ, ದಾನಿಯೇಲ, ಎಜ್ರ ಗ್ರಂಥಗಳ ಕೆಲ ಭಾಗ ಅರಾಮಿಕ್.

• ಮರ್ನೆಪ್ತಾ ಶಾಸನ (ಈಜಿಪ್ಟ್, ಸು. ಕ್ರಿ.ಪೂ. 1208): ಬೈಬಲ್ ಹೊರಗೆ 'ಇಸ್ರೇಲ್' ಹೆಸರಿನ ಅತ್ಯಂತ ಹಳೆಯ ಉಲ್ಲೇಖ. ಶೋಧ: ಫ್ಲಿಂಡರ್ಸ್ ಪೆಟ್ರಿ, 1896.

• ಮೇಷ ಶಾಸನ (ಮೋವಾಬ್): ಇಸ್ರೇಲಿನ ದೊರೆ ಒಮ್ರಿಯ ಹೆಸರಿದೆ. ಈಗ ಲೂವ್ರ್‌ನಲ್ಲಿ.

• ತೇಲ್ ದಾನ್ ಶಾಸನ (1993): 'ದಾವೀದನ ಮನೆತನ'. ಭಾಷೆ ಅರಾಮಿಕ್, ಹೀಬ್ರೂ ಅಲ್ಲ. ಇಲ್ಲೇ ಹೆಚ್ಚಿನವರು ಎಡವುವುದು.

• ಕ್ರಿ.ಪೂ. 701, ಯೆಹೂದದ ಮೇಲೆ ಅಸ್ಸೀರಿಯಾದ ರಾಜ ಸೆನ್ನಾಖೆರಿಬ್‌ನ ದಂಡಯಾತ್ರೆ. ಎರಡೂ ಕಡೆಯ ಲೆಕ್ಕ ಸಿಗುವ ಅಪರೂಪದ ಪ್ರಸಂಗ, ಚೆನ್ನಾಗಿ ಓದಿಕೊಳ್ಳಿ:
– ಯೆಹೂದದ ರಾಜ ಹಿಜ್ಕೀಯ ಕೊಟ್ಟ ಕಪ್ಪದಲ್ಲಿ ಚಿನ್ನ: ಬೈಬಲ್, ಅಸ್ಸೀರಿಯಾ ಶಾಸನ ಎರಡರಲ್ಲೂ 30 ತಲಾಂತು.
– ಬೆಳ್ಳಿ: ಬೈಬಲ್‌ನಲ್ಲಿ 300, ಅಸ್ಸೀರಿಯಾ ಶಾಸನದಲ್ಲಿ 800.
– ಯೆಹೂದದ 46 ಕೋಟೆ ಊರು ಗೆದ್ದೆ ಎನ್ನುವ ಶಾಸನ, ಜೆರುಸಲೇಮ್ ಗೆದ್ದೆ ಎನ್ನುವುದಿಲ್ಲ. ಬಡಾಯಿಯ ರಾಜನ ಈ ಮೌನವೇ ದೊಡ್ಡ ಸಾಕ್ಷಿ.

• ಬೇಲ್ಶಚ್ಚರ: ದಾನಿಯೇಲ ಗ್ರಂಥದಲ್ಲಿ ನೆಬೂಕದ್ನೆಚ್ಚರನ ಮಗ, ಬ್ಯಾಬಿಲೋನಿನ ದಾಖಲೆಗಳಲ್ಲಿ ನಬೋನಿಡಸ್‌ನ ಮಗ.

• ವಿಮೋಚನಾಕಾಂಡದ ಮಹಾವಲಸೆಗೆ ನೇರ ಈಜಿಪ್ಟ್ ದಾಖಲೆ ಇಲ್ಲ.

• ಸೈರಸ್ ಸಿಲಿಂಡರ್: ಯೆಹೂದ್ಯರ ಹೆಸರೇ ಇಲ್ಲ. ಪರೀಕ್ಷೆಯಲ್ಲಿ 'ಇದೆ' ಎಂಬ ಆಯ್ಕೆ ಕೊಟ್ಟರೆ ಅದು ತಪ್ಪು.

• ಮೃತ ಸಮುದ್ರದ ಸುರುಳಿಗಳು (ಕುಮ್ರಾನ್, 1947ರಿಂದ): ಯೆಶಾಯನ ದೊಡ್ಡ ಸುರುಳಿ ಸುಮಾರು 7.3 ಮೀ. ಉದ್ದ. ಪೂರ್ಣ ತನಖ್‌ನ ಅತಿ ಹಳೆಯ ಪ್ರತಿ ಲೆನಿನ್‌ಗ್ರಾಡ್ ಕೋಡೆಕ್ಸ್, ಕ್ರಿ.ಶ. 1008, ಸುರುಳಿ ಅದಕ್ಕಿಂತ ಸಾವಿರ ವರ್ಷಕ್ಕೂ ಹಳೆಯದು.

• ಗೊಂದಲ ಬೇಡ: ಸುರುಳಿಗಳು ತೋರಿಸುವುದು ಪಾಠ ಹೇಗೆ ಉಳಿದುಬಂತು ಎಂಬುದನ್ನು, ಘಟನೆ ನಡೆಯಿತೇ ಎಂಬುದನ್ನಲ್ಲ.